ದೇಸೂರಿನ ಬೆಚ್ಚನೆಯ ಹಾಲು

ದೇಸೂರಿನ ಸಾವಂತ್ರವ್ವ ಎಂಟು ವರ್ಷ ನಮ್ಮ ಮನೆಗೆ ಹಾಲು ಹಾಕಿದಳು. ಆಕೆಯ ಬಗ್ಗೆ ಬರೆಯುವ ಹಕ್ಕು ನನಗಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಆಕೆಗೆ ಆದ ದೊಡ್ಡ ಅನ್ಯಾಯವನ್ನು ಮಾಡಿದವಳು ನಾನೇ.

ಕುರುಬರ ಮನೆತನ ಆಕೆಯದು. ಗಂಡ ಬೀರಣ್ಣ ಕುರಿಗಳ ಹಿಂದೆ ವರ್ಷದ ಅರ್ಧ ಊರೂರು ತಿರುಗುತ್ತಿದ್ದ. ಮನೆಯಲ್ಲಿದ್ದ ಮೂರು ಎಮ್ಮೆ ಮಾತ್ರ ಪೂರ್ತಿ ಸಾವಂತ್ರವ್ವನವು. ನಸುಕಿನಲ್ಲಿ ಹಾಲು ಹಿಂಡಿ, ಕ್ಯಾನಿಗೆ ಹಳೇ ಕಂಬಳಿಯ ತುಂಡು ಸುತ್ತಿ, ಪ್ಯಾಸೆಂಜರ್ ರೈಲು ಹತ್ತಿ ಬೆಳಗಾವಿಗೆ ಬರುವಳು. ಟಿಳಕವಾಡಿಯ ನಮ್ಮ ಓಣಿಯಲ್ಲಿ ಹದಿನಾಲ್ಕು ಮನೆಗೆ ಆಕೆಯದೇ ಹಾಲು. ಹಾಲು ಹಾಕಿಸಿಕೊಂಡ ಪಾತ್ರೆಯ ಬಿಸುಪು ಅಂಗೈಗೆ ತಾಗುತ್ತಿತ್ತು. ಅದು ಆಕೆಯ ದೊಡ್ಡ ಹೆಮ್ಮೆ. "ಕೆಚ್ಚಲಾ ಬಿಟ್ಟು ಇನ್ನೂ ತಾಸು ಆಗಿಲ್ರಿ ಅಕ್ಕೋರ" ಎನ್ನುವಳು. ಎಮ್ಮೆ ಈದಾಗ ಹದಿನಾಲ್ಕೂ ಮನೆಗೆ ಗಿಣ್ಣದ ಹಾಲು ತಂದು ಕೊಡುವಳು. ನನ್ನ ಮಗಳು ನಿಖಿತಾ ಬೆಳೆದದ್ದು ಆಕೆಯ ಹಾಲಿನ ಮೇಲೆ.

ನನಗೂ ಆಕೆಗೂ ಒಂದೇ ವಿಷಯಕ್ಕೆ ಜಗಳ. ನಮ್ಮ ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲಿದ ಕಲೆ ಕಂಡರೆ ಸಾಕು, "ಹಿಂಗ ಉಕ್ಕಸಬ್ಯಾಡ್ರಿ, ಅಲ್ಲಿ ನಮ್ಮೆಮ್ಮಿ ಕೆಚ್ಚಲಾ ಉರಿತೈತಿ" ಎಂದು ಗದರುವಳು. ನಾನು ಹೈಸ್ಕೂಲಿನ ವಿಜ್ಞಾನ ಶಿಕ್ಷಕಿ, ಬಿಡುವವಳೇ? ಹಾಲು ಯಾಕೆ ಉಕ್ಕುತ್ತದೆ, ಕೆನೆಯ ಕೆಳಗೆ ಆವಿ ಹೇಗೆ ಸೇರುತ್ತದೆ ಎಂದು ಬಾಗಿಲಲ್ಲೇ ನಿಲ್ಲಿಸಿ ಪಾಠ ಮಾಡುತ್ತಿದ್ದೆ. ಆಕೆ ಪೂರ್ತಿ ಕೇಳಿಸಿಕೊಂಡು, "ಅದೂ ಖರೇನ ಇರಬೇಕ್ರಿ. ಆದ್ರೂ ಉಕ್ಕಸಬ್ಯಾಡ್ರಿ" ಎಂದು ಮುಂದಿನ ಮನೆಗೆ ಹೋಗುವಳು.

ಸಾಲೆಯ ಪಾಠ ಸಾಲದೆಂದು ಓಣಿ ಓಣಿಗೆ ಹೋಗಿ ವಿಜ್ಞಾನ ಹೇಳುವ ಹುಚ್ಚು ಆಗ ನನಗೆ. ಎರಡು ಸಾವಿರದ ಇಸವಿಯ ವಿಜ್ಞಾನ ದಿನಕ್ಕೆ ಮೊದಲಿನ ರವಿವಾರ ನಮ್ಮ ಓಣಿಯಲ್ಲೇ ಕಾರ್ಯಕ್ರಮ ಇಟ್ಟೆ. ಹಿರಿಯರಾದ ಬಾಳಾಸಾಹೇಬರ ಮನೆಯ ಕಟ್ಟೆಯ ಮೇಲೆ ಟೇಬಲ್ಲು, ಅದರ ಮೇಲೆ ಲ್ಯಾಕ್ಟೋಮೀಟರ್. ಅದೊಂದು ಗಾಜಿನ ಕಡ್ಡಿ. ಒಳ್ಳೆಯ ಹಾಲಿನಲ್ಲಿ ಗೆರೆಯ ತನಕ ಮುಳುಗಿ ನಿಲ್ಲುತ್ತದೆ, ನೀರು ಬೆರೆತಿದ್ದರೆ ಇನ್ನೂ ಕೆಳಗಿಳಿಯುತ್ತದೆ. ನಮ್ಮವ್ವ ಹೆಬ್ಬೆರಳ ಉಗುರಿನ ಮೇಲೆ ಒಂದು ಹನಿ ಬಿಟ್ಟುಕೊಂಡು ಹಾಲು ಪರೀಕ್ಷಿಸುತ್ತಿದ್ದಳು. ಅದನ್ನು ಹೇಳಿ ಮಂದಿಯನ್ನು ನಗಿಸಿದೆ. ಉಗುರು ತಪ್ಪಬಹುದು, ಗಾಜು ತಪ್ಪುವುದಿಲ್ಲ ಎಂದೆ.

ಬಾಳಾಸಾಹೇಬರು ಬೇರೆ ಕಡೆಯಿಂದ ತರಿಸಿದ್ದ ಹಿಂದಿನ ಸಂಜೆಯ ತಣ್ಣನೆಯ ಹಾಲು ಪಾಸಾಯಿತು. ಎದುರುಮನೆಯ ಕಾಂತಾ ತಂದ ಪಾಕೀಟಿನ ಹಾಲೂ ಪಾಸಾಯಿತು. ನನಗೆ ಸಪ್ಪೆ ಎನಿಸಿತು. ಇದನ್ನು ಒಪ್ಪಿಕೊಳ್ಳಲು ಈಗ ನಾಚಿಕೆ, ಆದರೆ ಯಾರಾದರೂ ಸಿಕ್ಕಿಬೀಳಲಿ ಎಂದು ನಾನು ಕಾಯುತ್ತಿದ್ದೆ. ಅಷ್ಟರಲ್ಲಿ ಸಾವಂತ್ರವ್ವ ಕ್ಯಾನು ಹೊತ್ತು ಬಂದಳು.

ಆಕೆಯೇ ನಗುತ್ತ ಹಾಲು ಸುರಿದು ಕೊಟ್ಟಳು. ಕಡ್ಡಿ ಗೆರೆ ದಾಟಿ ಕೆಳಗಿಳಿಯಿತು. ತೆಗೆದು ಮತ್ತೆ ಬಿಟ್ಟೆ, ಮತ್ತೆ ಇಳಿಯಿತು.

"ಸಾವಂತ್ರವ್ವ, ನೀರು ಹಾಕೀಯೇನು?" ಎಂದೆ.

"ಹೂಂನ್ರಿ, ಹಾಕೀನಿ" ಎಂದಳು. ಹೆಸರು ಕೇಳಿದರೆ ಹೇಳುವ ಹಾಗೆ, ಒಂದು ಚೂರೂ ಅಳುಕಿಲ್ಲದೆ.

ಎಲ್ಲರೂ ಹೋ ಎಂದು ನಕ್ಕರು. ಆಕೆ ಗಾಬರಿಯಾಗಿ, "ಅದು ಹಂಗಲ್ರಿ, ನಮ್ಮತ್ತಿ..." ಎಂದು ಏನೋ ಹೇಳಲು ಹೋದಳು. ನಾನು ಕೈ ಎತ್ತಿ "ಸಾಕು, ಗೊತ್ತಾತು" ಎಂದೆ. ಮತ್ತು ಮಂದಿಯ ಕಡೆ ತಿರುಗಿ, ಎಂಟು ವರ್ಷ ನಾವು ಕಣ್ಣು ಮುಚ್ಚಿ ನಂಬಿದ್ದನ್ನು ಈ ಕಡ್ಡಿ ಒಂದು ನಿಮಿಷದಲ್ಲಿ ತೋರಿಸಿತು ನೋಡಿ ಎಂದು ಭಾಷಣ ಮಾಡಿದೆ. ಚಪ್ಪಾಳೆ ಬಿದ್ದವು.

ವಾರದೊಳಗೆ ಹದಿನಾಲ್ಕು ಮನೆ ಎರಡಕ್ಕೆ ಇಳಿದವು. ಮೊದಲು ಬಿಟ್ಟವಳು ನಾನೇ, ಮಾದರಿ ಆಗಬೇಕಲ್ಲ. ಯುಗಾದಿಯ ಹೊತ್ತಿಗೆ ಆಕೆ ಓಣಿಗೆ ಬರುವುದೇ ನಿಂತಿತು.

ಆ ಜೂನಿನಲ್ಲಿ ನನಗೆ ಖಾನಾಪುರಕ್ಕೆ ವರ್ಗವಾಯಿತು. ದಿನಾ ಅದೇ ಲೈನಿನ ರೈಲು. ಚಳಿಗಾಲದಲ್ಲಿ ಅಲ್ಲಿಯ ಹುಡುಗಿಯರಿಗೂ ಹಾಲಿನ ಪ್ರಯೋಗ ತೋರಿಸಲು ಹೊರಟೆ. ಸಾಲೆಯ ಹಿಂದಿನ ಮನೆಯ ರೇಣವ್ವ ನಮ್ಮೆಲ್ಲರ ಕಣ್ಣೆದುರೇ ಎಮ್ಮೆ ಹಿಂಡಿ ಕೊಟ್ಟಳು. ನೊರೆ ಆರುವ ಮೊದಲೇ ಕಡ್ಡಿ ಬಿಟ್ಟೆ. ಅದು ಗೆರೆ ದಾಟಿ ಇಳಿಯಿತು.

ಒಬ್ಬ ಹುಡುಗಿ, "ಅಕ್ಕೋರ, ಎಮ್ಮೀನ ನೀರು ಬೆರಸೇತೇನ್ರಿ?" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಕಡ್ಡಿ ಕೆಟ್ಟಿರಬೇಕು ಎಂದುಕೊಂಡು ಹಾಲನ್ನು ಅಲ್ಲೇ ಬಿಟ್ಟು ಮುಂದಿನ ತರಗತಿಗೆ ಹೋದೆ. ಎರಡು ಪಿರಿಯಡ್ ಮುಗಿಸಿ ಬಂದು ನೋಡಿದರೆ ಹಾಲು ತಣ್ಣಗಾಗಿತ್ತು, ಕಡ್ಡಿ ತಾನೇ ಮೇಲೆದ್ದು ಸರಿಯಾಗಿ ಗೆರೆಗೆ ನಿಂತಿತ್ತು.

ಸ್ಟೂಲಿನ ಮೇಲೆ ಕುಳಿತೆ. ಕಾಯಿಸಿದರೆ ವಸ್ತು ಹಿಗ್ಗುತ್ತದೆ, ಹಿಗ್ಗಿದರೆ ತೆಳುವಾಗುತ್ತದೆ. ಹದಿನೇಳು ವರ್ಷದಿಂದ ಎಂಟನೇ ತರಗತಿಗೆ ನಾನೇ ಹೇಳಿಕೊಟ್ಟ ಪಾಠ. ಕಡ್ಡಿಯ ಪೆಟ್ಟಿಗೆಯಲ್ಲಿ ಮಡಚಿಟ್ಟ ಚೀಟಿ ಬಿಚ್ಚಿದೆ. ಹಾಲು ಬೆಚ್ಚಗಿದ್ದರೆ ಲೆಕ್ಕ ತಪ್ಪುತ್ತದೆ, ಹಿಂಡಿದ ಕೂಡಲೇ ಅಳೆಯಬಾರದು ಎಂದು ಸ್ಪಷ್ಟವಾಗಿ ಬರೆದಿತ್ತು. ಹಾಗಾದರೆ ಹಿಂದಿನ ಸಂಜೆಯ ತಣ್ಣನೆಯ ಹಾಲು ಪಾಸು, ಕಂಬಳಿ ಸುತ್ತಿ ಬಿಸುಪು ಕಾಯ್ದು ತಂದ ಹಾಲು ಫೇಲು. ಕಡ್ಡಿ ತನಗೆ ತಿಳಿದಷ್ಟು ಹೇಳಿತ್ತು. ಉಳಿದದ್ದನ್ನು ತಿಳಿಯಬೇಕಾದವಳು ನಾನು.

ಅಂದಿನಿಂದ ಮೂರು ವಾರ, ದೇಸೂರು ಸ್ಟೇಷನ್ ಬಂದಾಗಲೆಲ್ಲ ಪ್ಲಾಟ್‌ಫಾರ್ಮಿನ ಬದಿಯ ಕಿಟಕಿ ಬಿಟ್ಟು ಆ ಬಾಜು ಎದ್ದುಹೋಗಿ ಕೂರುತ್ತಿದ್ದೆ. ನಿಲ್ಲುವುದು ಎರಡೇ ನಿಮಿಷ. ಅಷ್ಟು ಹೊತ್ತು ಪುಸ್ತಕದಲ್ಲಿ ಮುಖ ಹುಗಿಯುತ್ತಿದ್ದೆ. ಮಂದಿಗೆ ಧೈರ್ಯ ಹೇಳುವ ಪ್ರಮಿಳಾ ಟೀಚರ್ ಇಷ್ಟು ಅಂಜುಬುರುಕಿ ಎಂದು ನನಗೇ ಗೊತ್ತಿರಲಿಲ್ಲ. ಒಂದು ಶನಿವಾರ ಅರ್ಧ ದಿನದ ಸಾಲೆ ಮುಗಿಸಿ ಬರುವಾಗ ಕೊನೆಗೂ ಇಳಿದೆ.

"ಬರ್ರಿ ಅಕ್ಕೋರ, ಕುಂದರ್ರಿ" ಎಂದು ಸಾವಂತ್ರವ್ವ ಚಾಪೆ ಹಾಸಿದಳು. ಕೊಟ್ಟಿಗೆಯಲ್ಲಿ ಎಮ್ಮೆ ಇರಲಿಲ್ಲ. ಮೂರನ್ನೂ ಮಾರಿ ಆಕೆ ಮಚ್ಛೆಯ ಒಂದು ಕಾರ್ಖಾನೆಯಲ್ಲಿ ಕಬ್ಬಿಣದ ಎರಕ ತಿಕ್ಕುವ ಕೆಲಸಕ್ಕೆ ಸೇರಿದ್ದಳು. ಚಾ ಕೊಟ್ಟ ಕೈಯ ಉಗುರುಸಂದಿಯಲ್ಲಿ ಕಪ್ಪು ಕೂತಿತ್ತು.

ನಾನು ಎಲ್ಲ ಹೇಳಿದೆ. ತಪ್ಪು ನನ್ನದು ಎಂದು ಅತ್ತುಬಿಟ್ಟೆ. ನೀರು ಹಾಕೀನಿ ಅಂತ ಯಾಕೆ ಅಂದಿ ಎಂದು ಕೇಳಿದೆ.

"ಹಾಕ್ತಿದ್ನಲ್ರಿ. ಹಾಲು ಹೊಸ್ತಿಲಾ ದಾಟೂಮುಂದ ಬೆರಳಿಲೆ ಒಂದು ಹನಿ ನೀರು. ನಮ್ಮತ್ತಿ ಹೇಳಿದ್ದು. ಎಮ್ಮಿಗೆ ದೃಷ್ಟಿ ತಾಗಬಾರ್ದು, ಯಾರ ಮನ್ಯಾಗರ ಉಕ್ಕಿದ್ರ ಕೆಚ್ಚಲಾ ಉರಿಬಾರ್ದು ಅಂತ. ನೀವು ಕೇಳಿದ್ರಿ, ಸುಳ್ಳು ಹೆಂಗ ಹೇಳಲಿ?"

ಮೂಲೆಯಲ್ಲಿ ಕುಳಿತಿದ್ದ ಬೀರಣ್ಣ, "ಅಡಕಿಗೆ ಹ್ವಾದ ಮಾನ ಆನಿ ಕೊಟ್ರೂ ಬರಂಗಿಲ್ರಿ" ಎಂದ.

"ನೀ ಸುಮ್ಮಕಿರು" ಎಂದಳು ಸಾವಂತ್ರವ್ವ. ನಂತರ ನನ್ನನ್ನೇ ನೋಡುತ್ತ, "ನನ್ನ ಮುಂದ ಹೇಳಿದ್ದನ್ನ ಆ ಓಣಿ ಮಂದಿ ಮುಂದ ಹೇಳ್ತೀರೇನ್ರಿ?" ಎಂದು ಕೇಳಿದಳು.

ಗುಟ್ಟಾಗಿ ಕ್ಷಮೆ ಕೇಳಿ ಹಗುರಾಗಿ ಮನೆಗೆ ಹೋಗುವ ಲೆಕ್ಕ ನನ್ನದಾಗಿತ್ತು. ಹೇಳುತ್ತೇನೆ ಎಂದೆ.

ಮುಂದಿನ ರವಿವಾರ ಅದೇ ಕಟ್ಟೆ, ಅದೇ ಟೇಬಲ್ಲು. ಬಂದವರು ಏಳು ಮಂದಿ. ಸಾವಂತ್ರವ್ವ ಹಸಿರು ಇಳಕಲ್ ಸೀರೆ ಉಟ್ಟು ಹಿಂದೆ ನಿಂತಿದ್ದಳು. ಒಂದೇ ಹಾಲನ್ನು ಬೆಚ್ಚಗಿದ್ದಾಗ, ತಣಿದಾಗ ಅಳೆದು ತೋರಿಸಿದೆ. ಈಕೆಯ ಹಾಲು ಶುದ್ಧವಿತ್ತು, ನಾನು ತಪ್ಪು ಮಾಡಿದೆ ಎಂದೆ.

"ಎಲ್ಲಾ ಖರೇ ಅಕ್ಕೋರ" ಎಂದರು ಬಾಳಾಸಾಹೇಬರು. "ಆದ್ರ ಆಕೀನ ಬಾಯಿಬಿಟ್ಟು ಹಾಕೀನಿ ಅಂದ್ಲಲ್ಲ?"

ಒಂದು ಹನಿಯ ಪದ್ಧತಿಯನ್ನು ವಿವರಿಸಿದೆ. ಕಾಂತಾ ಬಾಯಿಗೆ ಸೆರಗು ಹಿಡಿದು, "ಹನಿ ಹಾಕಾಕಿ ತಂಬಿಗಿ ಹಾಕಂಗಿಲ್ಲೇನ್ರಿ?" ಎಂದಳು. ಏಳೂ ಮಂದಿ ನಕ್ಕರು. ಮತ್ತೇನು ಹೇಳಿದರೂ ಯಾರೂ ಕೇಳಿಸಿಕೊಳ್ಳಲಿಲ್ಲ.

ಸ್ಟೇಷನ್ ತನಕ ಆಕೆಯ ಜೊತೆ ನಡೆದೆ. ರೈಲು ಹತ್ತುವ ಮೊದಲು ಆಕೆ ಸಿಟ್ಟಿಲ್ಲದೆ, ಕೇಳಬೇಕೆಂದುಕೊಂಡು ಬಹಳ ದಿನ ಉಳಿದುಹೋದದ್ದನ್ನು ಕೇಳುವವಳಂತೆ ಹೇಳಿದಳು.

"ಅವತ್ತ ನಾ ಹಾಕೀನಿ ಅಂದೆ. ಎಷ್ಟು ಅಂತ ಯಾಕ ಕೇಳ್ಲಿಲ್ರಿ ಅಕ್ಕೋರ?"