ಹಿಂದಿನ ಎಡ ಚಕ್ರ

ನನ್ನ ಬಾಯಿ ದೊಡ್ಡದು. ಶಾಲೆಯಲ್ಲಿ ಮಕ್ಕಳಿಗೂ ಗೊತ್ತು, ಮನೆಯಲ್ಲಿ ಗಂಡನಿಗೂ ಗೊತ್ತು. ಅದನ್ನು ನಾನು ಬಹಳ ಕಾಲ ಒಂದು ಒಳ್ಳೆಯ ಗುಣವೆಂದೇ ತಿಳಿದಿದ್ದೆ.

ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿ ದಾಟಿ, ಹಂಪಸಾಗರದ ಕಡೆ ಇರುವ ನಮ್ಮ ಹೈಸ್ಕೂಲಿಗೆ ಬಸ್ಸಿನಲ್ಲಿ ಓಡಾಡಿ ಸಾಕಾಗಿ ಒಂದು ಹಳೆಯ ಕಾರು ಕೊಂಡಿದ್ದೆವು. ವಾರವಿಡೀ ಅದು ನನ್ನದು, ಭಾನುವಾರ ಗಂಡನದು. ನನ್ನ ಜೊತೆ ಅದೇ ಶಾಲೆಯ ವಿಜ್ಞಾನದ ಟೀಚರ್ ಬರುತ್ತಿದ್ದಳು. ನನಗಿಂತ ಹತ್ತು ವರ್ಷ ಚಿಕ್ಕವಳು. ಮದುವೆಯಾಗಿ ಆರು ವರ್ಷದ ಮೇಲೆ ಬಸುರಿಯಾಗಿದ್ದಳು. ಮುಂದೆ ಕೂತರೆ ಬೆಲ್ಟು ಹೊಟ್ಟೆಗೆ ಒತ್ತುತ್ತದೆಂದು ಹಿಂದಿನ ಸೀಟಿನಲ್ಲಿ, ಎಡಗಡೆ ಕೂರುತ್ತಿದ್ದಳು. ಬಸ್ಸಿನ ಕುಲುಕಾಟ ಬೇಡ, ನಾನು ಜೋಪಾನವಾಗಿ ಕರೆದುಕೊಂಡು ಹೋಗಿ ಬರುತ್ತೇನೆ ಎಂದು ಅವಳ ಅತ್ತೆಗೆ ಮಾತು ಕೊಟ್ಟವಳು ನಾನೇ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಅವಳು, "ಅಕ್ಕಾ, ನನ್ನ ಕೆಳಗ ಏನೋ ಗುಂಯ್ ಅಂತೈತ್ರಿ" ಎಂದಳು.

"ರಸ್ತಿ ಹಂಗೈತಿ. ಕಿಟಕಿ ಏರಿಸ್ಕೊಂಡು ಸುಮ್ನ ಕುಂದ್ರು" ಎಂದೆ.

ಅವಳು ಕಿಟಕಿ ಏರಿಸಿಕೊಂಡು ಸುಮ್ಮನೆ ಕೂತಳು. ಮತ್ತೆ ಆ ವಿಷಯ ಎತ್ತಲಿಲ್ಲ. ಆದರೆ ಅವಳು ಹೇಳಿದ ಮೇಲೆ ನನಗೂ ಕೇಳಿಸತೊಡಗಿತ್ತು. ವೇಗ ಏರಿದಂತೆ ಸದ್ದು ಏರುತ್ತಿತ್ತು, ಇಳಿದಂತೆ ಇಳಿಯುತ್ತಿತ್ತು. ನೇರ ರಸ್ತೆಯಲ್ಲೂ ಸ್ಟೇರಿಂಗನ್ನು ಒಂದು ಬೆರಳಿನಷ್ಟು ಬಲಕ್ಕೆ ಹಿಡಿದಿರಬೇಕಾಗಿತ್ತು. ಕೊನೆಗೆ ಒಂದು ಬೆಳಿಗ್ಗೆ ಬಗ್ಗಿ ನೋಡಿದೆ. ಹಿಂದಿನ ಎಡ ಟೈರಿನ ಹೊರ ಅಂಚು ಹೊಸದರಂತಿತ್ತು. ಒಳಗಡೆ ಕೈ ಹಾಕಿ ಸವರಿದರೆ ಒಂದೂ ಗೀರಿಲ್ಲ, ನುಣ್ಣಗೆ ನನ್ನ ಅಂಗೈಯಂತಿತ್ತು.

ಗಂಡನಿಗೆ ಹೇಳಿದೆ. ಹೇಳಿದೆ ಏನು, ಕೂಗಾಡಿದೆ. ಭಾನುವಾರ ಬರೀ ಓಡಿಸಿದರೆ ಆಯಿತೇ, ಗಾಡಿ ನೋಡಿಕೊಳ್ಳುವವರು ಯಾರು ಎಂದೆ. ಅವರು ಅವತ್ತೇ ಕಾರನ್ನು ಊರಿನ ಟೈರ್ ಅಂಗಡಿಗೆ ಒಯ್ದು, ಸಂಜೆಗೆ ಬಂದು, "ಅಲೈನ್‌ಮೆಂಟ್ ಮಾಡ್ಸೀನಿ, ಟೈರು ಮಗುಚಿ ಹಾಕ್ಸೀನಿ" ಎಂದರು.

ನಮ್ಮ ಕಡೆ ಇದು ಎಲ್ಲರೂ ಮಾಡುವ ಉಪಾಯ. ಟೈರಿನ ಒಂದು ಅಂಚು ಸವೆದರೆ ಅದನ್ನು ರಿಮ್ಮಿನಿಂದ ಬಿಚ್ಚಿ, ಒಳಗಿನದು ಹೊರಗೆ ಬರುವಂತೆ ಮಗುಚಿ ಕೂರಿಸುತ್ತಾರೆ. ಇನ್ನೊಂದು ಅಂಚು ಹೇಗೂ ಗಟ್ಟಿ ಇರುತ್ತದಲ್ಲ, ಅದೂ ಸವೆಯುವ ತನಕ ಓಡಿಸಬಹುದು. ಮೊದಲನೆಯ ಅಂಚು ಯಾಕೆ ಸವೆಯಿತೆಂದು ಯಾರೂ ಕೇಳುವುದಿಲ್ಲ. ಗಾಲಿ ನೆಟ್ಟಗೆ ಮಾಡುವ ಅಲೈನ್‌ಮೆಂಟ್ ಎಂದರೂ ಮುಂದಿನ ಎರಡು ಗಾಲಿಗಳದ್ದು ಮಾತ್ರ. ಹಿಂದಿನವು ಕಂಪನಿಯವರೇ ಕೂರಿಸಿದ್ದು, ಅವಕ್ಕೆ ಏನೂ ಆಗುವುದಿಲ್ಲ ಎಂಬುದು ಅಂಗಡಿಯವನ ನಂಬಿಕೆ. ಸ್ಟೇರಿಂಗ್ ನೆಟ್ಟಗಾಯಿತು. ನನಗೆ ಸಮಾಧಾನವಾಯಿತು. ಸೊಟ್ಟಗಿದ್ದ ಹಿಂದಿನ ಗಾಲಿಗೆ ಹೊಂದುವಂತೆ ಮುಂದಿನವನ್ನು ತಿರುಗಿಸಿದ್ದಾರೆ ಎಂದು ನನಗೆ ಹೇಗೆ ಗೊತ್ತಾಗಬೇಕು?

ಅಂದಿನಿಂದ ಗಂಡ ಹೊಸದೊಂದು ರೂಢಿ ಹಚ್ಚಿಕೊಂಡರು. ನಾನು ಹೊರಡುವಾಗ ಕಾರಿನ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ನೋಡುವುದು. ಎದ್ದು, "ನಿಧಾನ ಹೋಗು" ಎನ್ನುವುದು. "ಕಾರಿಗೂ ಬಾಣಂತನ ಮಾಡ್ತೀರೇನು?" ಎಂದು ಚುಡಾಯಿಸಿದೆ. ಅವರು ನಗಲಿಲ್ಲ. ನನಗೆ ಅದು ವಿಚಿತ್ರವಾಗಿ ಕಂಡಿತು, ಆದರೆ ಬೆಲ್ ಹೊಡೆಯುವುದರೊಳಗೆ ಶಾಲೆ ಸೇರಬೇಕಿತ್ತು.

ಹುರುಳಿ ಕಿತ್ತು ರಸ್ತೆಗೆ ಹಾಕುವ ಕಾಲ ಬಂತು. ನಮ್ಮಲ್ಲಿ ಈಗ ಕಣ ಮಾಡುವವರು ಕಡಿಮೆ. ಡಾಂಬರು ರಸ್ತೆಯ ಮೇಲೆ ಮೊಣಕಾಲೆತ್ತರ ಹರವಿದರೆ ಹೋಗಿ ಬರುವ ಗಾಡಿಗಳೇ ಒಕ್ಕಣೆ ಮಾಡಿಕೊಡುತ್ತವೆ. ಒಣಗಿದ ಹುರುಳಿ ಬಳ್ಳಿ ಚಕ್ರದಡಿ ಜಾರುತ್ತದೆ. ಹಿಂದೆ ಕೂತಿದ್ದವಳಿಗೆ ಆಗ ಏಳು ತಿಂಗಳು. ಎದುರಿನಿಂದ ಕಬ್ಬಿನ ಲಾರಿ ಬಂತು. ಎಡಕ್ಕೆ ಸರಿದು, ಬಳ್ಳಿಯ ಮೇಲೆ ಮೆಲ್ಲಗೆ ಬ್ರೇಕ್ ಒತ್ತಿದೆ. ಮುಂಭಾಗ ನನ್ನ ಮಾತು ಕೇಳಿತು. ಹಿಂಭಾಗ ಕೇಳಲಿಲ್ಲ. ಕೆಳಗೆ ಏನೋ ಸಿಡಿದ ಸದ್ದಾಯಿತು, ಕಾರು ಅಡ್ಡಡ್ಡ ಜಾರಿ, ಹಿಂದಿನ ಎಡ ಚಕ್ರ ರಸ್ತೆ ಪಕ್ಕದ ಕಾಲುವೆಯ ಅಂಚಿಗೆ ಇಳಿದು ನಿಂತಿತು. ಲಾರಿ ನಿಲ್ಲಿಸದೆ ಹೋಯಿತು.

ತಿರುಗಿ ನೋಡಿದೆ. ಅವಳು ಎರಡೂ ಕೈಯಿಂದ ಹೊಟ್ಟೆ ಹಿಡಿದು, ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಕಿರುಚಿರಲೂ ಇಲ್ಲ. "ಅಕ್ಕಾ, ಅಲುಗಾಡ್ಬ್ಯಾಡ್ರಿ" ಎಂದಳು. ನಾನು ಅಲುಗಾಡಲಿಲ್ಲ. ಬ್ರೇಕನ್ನು ಒತ್ತಿ ಹಿಡಿದೇ ಕೂತೆ.

ಹುರುಳಿ ಹರವಿದ್ದವರು ಓಡಿ ಬಂದು ಅವಳನ್ನು ಬಲಗಡೆಯ ಬಾಗಿಲಿನಿಂದ ಇಳಿಸಿಕೊಂಡರು. ಅವರಲ್ಲಿ ಹಿರಿಯನೊಬ್ಬ ನಾವು ಬಂದ ದಾರಿಯನ್ನೇ ನೋಡುತ್ತ ನಿಂತಿದ್ದ. ಬಳ್ಳಿಯ ಮೇಲೆ ಎರಡಲ್ಲ, ನಾಲ್ಕು ಗೆರೆಗಳಿದ್ದವು. "ಮೇಡಮ್ಮಾರ, ನಿಮ್ಮ ಗಾಡಿ ಓರೆ ನಡದೈತ್ರಿ. ಮುಂದಿನ ಗಾಲಿ ಜಾಡು ಹಿಂದಿನದು ತುಳದಿಲ್ಲ" ಎಂದ. ನಮ್ಮ ಟೈರಿನ ಒಳ ಅಂಚಿನಿಂದ ತಂತಿಗಳು ಹೊರಬಂದಿದ್ದವು.

ಅವಳ ಗಂಡ ಬಂದು ಅವಳನ್ನು ಆಸ್ಪತ್ರೆಗೆ ಕರೆದೊಯ್ದ. ಕಾರನ್ನು ಹಗರಿಬೊಮ್ಮನಹಳ್ಳಿಯ ಒಂದು ಗ್ಯಾರೇಜಿಗೆ ಎಳೆಸಿದೆ. ಅಲ್ಲಿಯ ಮುದುಕ ಮಿಸ್ತ್ರಿ ಯಾವ ಮಿಷನ್ನಿಗೂ ಕೈ ಹಾಕಲಿಲ್ಲ. ಬೇರೆ ಟೈರು ಹಾಕಿ, ಹಿಂದಿನ ಚಕ್ರದಿಂದ ಮುಂದಿನ ಚಕ್ರದ ತನಕ ಒಂದು ದಾರ ಎಳೆದು ಕಟ್ಟಿದರು. ಬಲಗಡೆ ದಾರ ಟೈರಿಗೆ ಸಮವಾಗಿ ಕೂತಿತು. ಎಡಗಡೆ ಹಿಂದಿನ ಟೈರಿಗೂ ದಾರಕ್ಕೂ ನಡುವೆ ಎರಡು ಬೆರಳು ತೂರಿಸುವಷ್ಟು ಜಾಗವಿತ್ತು. ಅವರು ಕಾರಿನಡಿ ಮಲಗಿ ಟಾರ್ಚು ಹಾಕಿದರು.

"ಹಿಂದಕ ತಗೊಳ್ಳೋವಾಗ ಕಲ್ಲಿಗೆ ಜೋರು ಬಡದೈತ್ರಿ. ಹಿಂದಿನ ಗಾಲಿ ಹಿಡಿಯೋ ಆಕ್ಸಲ್ ಬಾಗೈತಿ. ಮ್ಯಾಲೆ ಕರೇ ಪೇಂಟ್ ಹೊಡ್ಸ್ಯಾರ, ನೋಡ್ರಿ. ಪೇಂಟು ಹೊಸಾದು."

ನನ್ನ ಗಂಡ ಬೈಕಿನಲ್ಲಿ ಬಂದು ಅಷ್ಟರಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದರು. ಮಿಸ್ತ್ರಿ ಟಾರ್ಚು ಆರಿಸಿದ ಮೇಲೂ ಅವರು ಕಾರಿನಡಿಯನ್ನೇ ನೋಡುತ್ತಿದ್ದರು. ಅಷ್ಟು ಸಾಕಾಯಿತು ನನಗೆ.

"ಹಲವಾಗಲಿನ್ಯಾಗ, ನಮ್ಮಕ್ಕನ ಮನಿ ಮುಂದ" ಎಂದರು. "ಹೊಳಿ ಕಡಿ ಹಿಂದಕ ತಿರುಗಿಸಾಕ ಹೋದೆ. ಕಲ್ಲು ಕಾಣ್ಲಿಲ್ಲ."

"ಯಾವಾಗ್ರಿ?"

"ಯುಗಾದಿ ಆದ ಮ್ಯಾಲೆ."

ಎಂಟು ತಿಂಗಳು. ಅವಳ ಗರ್ಭಕ್ಕಿಂತ ಹಳೆಯದು ಆ ಗಾಯ. ಬೈಯುವುದಕ್ಕೇ ಬಾಯಿ ತೆರೆದಿದ್ದೆ. ಯಾಕೆ ಹೇಳಲಿಲ್ಲ ಎಂದಷ್ಟೇ ಕೇಳಿದೆ.

"ಹೇಳ್ಬೇಕಂತ ದಿನಾ ಅಂದ್ಕೊಂಡೆ. ನೀ ಹೆಂಗ ಬೈತಿ ಅಂತ ಗೊತ್ತಲ್ಲ" ಎಂದರು, ತಪ್ಪು ಮಾಡಿದ ಏಳನೇ ತರಗತಿಯ ಹುಡುಗನ ದನಿಯಲ್ಲಿ.

ಕೆಟ್ಟವರಲ್ಲ ಅವರು. ನಾನು ಸತ್ತೇನು ಎಂದು ಪ್ರತಿ ಬೆಳಿಗ್ಗೆ ಹೆದರಿದ್ದಾರೆ. ಆದರೆ ಅದಕ್ಕಿಂತ ಹೆಚ್ಚು ನನಗೇ ಹೆದರಿದ್ದಾರೆ. ನನಗೆ ಕಾಲುವೆಯ ಅಂಚಿನಲ್ಲಿ ಆಗದಷ್ಟು ಭಯ ಆ ಗ್ಯಾರೇಜಿನಲ್ಲಿ ಆಯಿತು.

ಆಸ್ಪತ್ರೆಯಿಂದ ಫೋನ್ ಬಂತು. ಮಗುವಿನ ಎದೆಬಡಿತ ಸರಿಯಿದೆ, ಇನ್ನು ಮೇಲೆ ಅವಳು ಬಸ್ಸಿನಲ್ಲೇ ಬರುತ್ತಾಳೆ ಎಂದು ಅವಳ ಅತ್ತೆ ಹೇಳಿದರು. ಅವರೂ ಬೈಯಲಿಲ್ಲ. ಆಯಿತೆಂದೆ.

ಬೈಕಿನ ಬಳಿ ಬಂದು, ಆದಷ್ಟು ಮೆತ್ತಗೆ ಗಂಡನನ್ನು ಕೇಳಿದೆ. "ನನಗ ಹೇಳ್ದೇ ಇರೋದು ಇನ್ನೇನರ ಐತೇನ್ರಿ?"

ಅವರು ಮೊದಲು ನನ್ನ ಮುಖ ನೋಡಿದರು. ಆಮೇಲೆ, ಇಲ್ಲ ಎಂದರು.