ಮೂರು ಬೆರಳು ಬಟ್ಟೆ

ಶಿರಸಿಯ ನಮ್ಮ ಓಣಿಯ ಹುಡುಗಿಯರೆಲ್ಲ ಹಲಸಿನ ಎಲೆಯ ಕಿರೀಟ ಇಟ್ಟುಕೊಂಡು ನಡೆದ ಬೇಸಿಗೆ ಅದು. ರಜೆ ಬಂದರೆ ಕುಂಟಾಬಿಲ್ಲೆ ಆಡುತ್ತಿದ್ದವರು ಆ ವರ್ಷ ಅದನ್ನು ಬಿಟ್ಟೇಬಿಟ್ಟಿದ್ದೆವು. ಹಲಸಿನ ಎಲೆಗಳನ್ನು ಪೊರಕೆಯ ಹಿಡಿಕಡ್ಡಿಯಿಂದ ಚುಚ್ಚಿ ಕಿರೀಟ ಮಾಡುವುದು, ಹೆಗಲಿನಿಂದ ಸೊಂಟಕ್ಕೆ ಟವೆಲ್ ಕಟ್ಟುವುದು, ಓಣಿಯ ಈ ತುದಿಯಿಂದ ಆ ತುದಿಗೆ ಕೈ ಬೀಸುತ್ತ ನಡೆಯುವುದು. ಒಬ್ಬಳು ಪಂಜಾಬು, ಒಬ್ಬಳು ಅಸ್ಸಾಮು. ಕರ್ನಾಟಕ ಯಾರು ಆಗಬೇಕು ಎಂಬುದಕ್ಕೆ ಮಾತ್ರ ದಿನಾ ಜಗಳ. ಏಕೆಂದರೆ ನಿಜವಾದ ಕರ್ನಾಟಕ ನಮಗೆಲ್ಲ ಗೊತ್ತಿದ್ದ ರೇವತಿ ಅಕ್ಕ.

ರೇವತಿ ಅಕ್ಕನ ಊರು ಸಿದ್ದಾಪುರದ ಹತ್ತಿರದ ಕೋಲಸಿರ್ಸಿ. ಶಿರಸಿಯ ಕಾಲೇಜಿನಲ್ಲಿ ಓದುತ್ತಿದ್ದಾಗ ಸಂಜೆ ನಮ್ಮ ಮನೆಗೆ ಹೊಲಿಗೆ ಕಲಿಯಲು ಬರುತ್ತಿದ್ದಳು. ನನ್ನ ಅಮ್ಮ ಶಾರದಾ, ನಮ್ಮ ಮಾತಿನಲ್ಲಿ ಆಯಿ, ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ರವಿಕೆ, ಲಂಗ, ಶಾಲೆಯ ಯೂನಿಫಾರ್ಮ್ ಹೊಲಿಯುತ್ತಿದ್ದಳು. ರೇವತಿ ಅಕ್ಕ ಆ ಕೋಣೆಯ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕಿತ್ತು, ಅಷ್ಟು ಎತ್ತರ. "ನೀ ಒಬ್ಬಳಿದ್ರೆ ಮಾವಿನ ಮಿಡಿ ಕೊಯ್ಯೋಕೆ ದೋಟಿನೇ ಬೇಡ" ಎಂದು ಪಕ್ಕದ ಮನೆಯ ಜುಬೇದಾ ಅಕ್ಕ ಕಾಡಿಸುತ್ತಿದ್ದಳು. ಆ ಎತ್ತರವೇ ಅವಳನ್ನು ಬೆಂಗಳೂರಿಗೆ ಕರೆದೊಯ್ದಿತು. ಅಲ್ಲಿ ಕರ್ನಾಟಕದ ಹುಡುಗಿಯಾಗಿ ಆಯ್ಕೆಯಾಗಿ, ಇಡೀ ದೇಶದ ಸುಂದರಿಯರ ಸ್ಪರ್ಧೆಗೆಂದು ಮುಂಬೈಗೆ ಹೋದಳು. ಅಲ್ಲಿ ಒಂದು ತಿಂಗಳು ತರಬೇತಿ.

ಒಂದು ಮಧ್ಯಾಹ್ನ ಜುಬೇದಾ ಅಕ್ಕ ಬೇಲಿಯಾಚೆಯಿಂದ ಕೂಗಿದಳು. "ಶಾರದಕ್ಕಾ, ಓಡಿ ಬರ್ರಿ! ಮುಂಬೈ ಫೋನು!" ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ಆಯಿಯ ಹಿಂದೆ ನಾನೂ ಓಡಿದೆ. ಕೊನೆಯ ದಿನ ಎಲ್ಲರೂ ಉದ್ದದ ಗೌನು ತೊಟ್ಟು ನಡೆಯಬೇಕಂತೆ. ಉಳಿದ ಹುಡುಗಿಯರಿಗೆ ದೊಡ್ಡ ದೊಡ್ಡವರು ಹೊಲಿದು ಕೊಡುತ್ತಾರಂತೆ. ಯಾರೂ ಇಲ್ಲದವರು ಅಲ್ಲಿ ತೂಗುಹಾಕಿದ್ದರಲ್ಲಿ ಒಂದನ್ನು ಆರಿಸಿಕೊಳ್ಳಬಹುದಂತೆ. "ನಂಗೆ ಅದು ಬೇಡ ಅಕ್ಕಾ. ನೀವೇ ಹೊಲೀರಿ" ಎಂದಳಂತೆ ರೇವತಿ ಅಕ್ಕ.

ಆಯಿ ಫೋನ್ ಇಟ್ಟಳು. ಅವಳು ಅದುವರೆಗೆ ಗೌನು ಹೊಲಿದಿರಲಿಲ್ಲ, ಕಣ್ಣಾರೆ ನೋಡಿಯೂ ಇರಲಿಲ್ಲ. ಸುದ್ದಿ ಪೇಟೆಗೆ ಹೋಗಲು ಒಂದು ದಿನವೂ ಬೇಕಾಗಲಿಲ್ಲ. ನೂಲು ತರಲು ಹೋದಾಗ ಪೇಟೆಯ ದೊಡ್ಡ ಟೇಲರ್ ಒಬ್ಬರು ನನ್ನೆದುರೇ ಹೇಳಿದರು: "ಪೋಲಕ ಹೊಲಿದ ಹಾಗಲ್ಲ ಅಕ್ಕ ಅದು. ಟೀವಿಲಿ ದೇಶವೆಲ್ಲ ನೋಡ್ತದೆ. ಪಾಪ, ಆ ಹುಡುಗಿ ಮರ್ಯಾದೆ ಪ್ರಶ್ನೆ." ಆಯಿ ನೂಲಿನ ಉಂಡೆ ಚೀಲಕ್ಕೆ ಹಾಕಿಕೊಂಡು, "ಹೌದು, ಮರ್ಯಾದೆ ಪ್ರಶ್ನೆಯೇ" ಎಂದಷ್ಟೇ ಹೇಳಿ ಹೊರಟಳು. ದಾರಿಯುದ್ದಕ್ಕೂ ನನ್ನ ಕೈ ಬಿಗಿಯಾಗಿ ಹಿಡಿದಿದ್ದಳು.

ನಮ್ಮಲ್ಲಿ ಆಗ ಮೈಗೆ ಟೇಪು ಹಿಡಿದು ಅಳತೆ ಕೊಡುವವರು ಕಡಿಮೆ. ಸರಿಯಾಗಿ ಕೂರುವ ಒಂದು ಹಳೇ ರವಿಕೆ ಕೊಟ್ಟು, "ಇದರ ಹಾಗೇ ಹೊಲೀರಿ" ಅನ್ನುವುದೇ ರೂಢಿ. ಅದಕ್ಕೆ ಅಳತೆ ರವಿಕೆ ಎನ್ನುತ್ತಿದ್ದರು. ರೇವತಿ ಅಕ್ಕನ ಅಳತೆ ರವಿಕೆ ಕೋಲಸಿರ್ಸಿಯಲ್ಲಿ ಅವಳ ಅಜ್ಜಿಯ ಹತ್ತಿರ ಇತ್ತು. ಅಜ್ಜಿ ಮರುದಿನವೇ ಬಸ್ಸು ಹತ್ತಿ ಬಂದರು. ಒಂದು ಕೈಯಲ್ಲಿ ರವಿಕೆಯ ಪೊಟ್ಟಣ, ಇನ್ನೊಂದರಲ್ಲಿ ಹಲಸಿನ ಹಪ್ಪಳದ ಕಟ್ಟು. "ಮುಂಬೈಗೆ ಕಳಿಸ್ತೀರಲ್ಲ, ಇದನ್ನೂ ಒಳಗೆ ತುರುಕಿಬಿಡಿ ಅಮ್ಮ. ಅಲ್ಲಿ ಸೊಪ್ಪು ಬಿಟ್ಟು ಬೇರೆ ಎಂತದೂ ಕೊಡೋದಿಲ್ಲಂತೆ ನಮ್ಮ ಹುಡುಗಿಗೆ."

ಪೊಟ್ಟಣ ಬಿಚ್ಚಿದರೆ ಜರಿಯಂಚಿನ ರೇಷ್ಮೆ ರವಿಕೆ, ಮಡಿಕೆಯಲ್ಲಿ ನುಸಿಗುಳಿಗೆಯ ವಾಸನೆ. ಆಯಿ ಅದನ್ನು ಮೇಜಿನ ಮೇಲೆ ಹರಡಿ, ಗೇಣು ಹಾಕಿ ನೋಡಿ ನನ್ನತ್ತ ತಿರುಗಿದಳು.

"ರೇವತಿ ಇಷ್ಟು ಸಣ್ಣ ಆಗೋಜನೇ ಕೂಸು? ಅಲ್ಲಿ ಹೊಟ್ಟೆಗೆ ಕೊಡ್ತ್ವಿಲ್ಲೆ ಕಾಣ್ತು."

ಆಮೇಲೆ, ಊಟವಾಗಿ ಆಯಿ ಮಲಗಿದ್ದಾಗ, ನಾನು ಬಾಗಿಲು ಹಾಕಿಕೊಂಡು ಆ ರವಿಕೆ ತೊಟ್ಟು ನೋಡಿದೆ. ಜರಿಯ ಆಸೆ. ನನಗೆ ಆಗ ಹನ್ನೆರಡು ವರ್ಷ. ತೋಳು ಸ್ವಲ್ಪ ಸಡಿಲವಾಯಿತು, ಅಷ್ಟೇ. ಉಳಿದದ್ದೆಲ್ಲ ನನಗೇ ಹೊಲಿದ ಹಾಗಿತ್ತು. ನನಗೆ ಸರಿಯಾಗುವ ರವಿಕೆ ರೇವತಿ ಅಕ್ಕನಿಗೆ ಹೇಗೆ ಆದೀತು ಎಂದು ಮನಸ್ಸಿಗೆ ಬಂತು. ಆದರೆ ಹೇಳಿದರೆ ಮುಟ್ಟಿದ್ದು ಗೊತ್ತಾಗುತ್ತದೆ. "ಅದನ್ನ ಮುಟ್ಟಡ" ಎಂದು ಆಯಿ ಬೆಳಿಗ್ಗೆಯೇ ಹೇಳಿದ್ದಳು. ಮಡಚಿ ಇದ್ದ ಹಾಗೇ ಇಟ್ಟೆ.

ಮುರುಗಲು ಹಣ್ಣಿನ ಸಿಪ್ಪೆಯಂಥ ಗಾಢ ಕೆಂಪು ಸ್ಯಾಟಿನ್ ತಂದಳು ಆಯಿ. ಉದ್ದಕ್ಕೆ ರೇವತಿ ಅಕ್ಕ ತಲೆ ಬಗ್ಗಿಸುತ್ತಿದ್ದ ಬಾಗಿಲೇ ಅಳತೆ. ಹತ್ತು ದಿನ ಬೇರೆ ಹೊಲಿಗೆ ಮುಟ್ಟಲಿಲ್ಲ. ಮನೆಯೆಲ್ಲ ಮಿಷನ್ ಎಣ್ಣೆಯ, ಇಸ್ತ್ರಿಪೆಟ್ಟಿಗೆಯ ಕರಟದ ಕೆಂಡದ ವಾಸನೆ. ಬೆಳಿಗ್ಗೆ ತೆಳ್ಳೇವು ದೋಸೆ, ಅಂಟುವ ಜೋನಿಬೆಲ್ಲ ತಿಂದವಳು ಕೈಯನ್ನು ಎರಡು ಸಲ ಸೋಪಿನಲ್ಲಿ ತೊಳೆದೇ ಬಟ್ಟೆ ಮುಟ್ಟುತ್ತಿದ್ದಳು. ನಾನು ಸ್ಟೂಲಿನ ಮೇಲೆ ನಿಂತು ಗೌನಿನ ಹೆಗಲು ಹಿಡಿಯಬೇಕು, ಅವಳು ನೆಲದಲ್ಲಿ ಕೂತು ಅಂಚು ಮಡಚಬೇಕು.

ಯಾರಿಗೆ ಹೊಲಿದರೂ ಎರಡೂ ಮಗ್ಗುಲಲ್ಲಿ ಎರಡು ಬೆರಳು ಅಗಲ ಬಟ್ಟೆ ಒಳಗೆ ಬಿಡುವುದು ಆಯಿಯ ಪದ್ಧತಿ. ಹುಡುಗಿಯರು ಬೆಳೆಯುತ್ತಾರೆ, ಬಾಣಂತಿಯರು ದಪ್ಪವಾಗುತ್ತಾರೆ, ರವಿಕೆಯೂ ಅವರ ಜೊತೆ ಬೆಳೆಯಬೇಕು ಎನ್ನುವಳು. ಗೌನಿಗೆ ಮೂರು ಬೆರಳು ಬಿಟ್ಟಳು. "ಮನೆಗೆ ಬಂದು ಅನ್ನ ಉಂಡಮೇಲೆ ಬೇಕಾಗ್ತು ರೇವತಿಗೆ" ಎಂದು ನಕ್ಕಳು.

ಜುಬೇದಾ ಅಕ್ಕನ ತಮ್ಮ ಯಲ್ಲಾಪುರದಿಂದ ಮುಂಬೈಗೆ ಲಾರಿ ಓಡಿಸುತ್ತಿದ್ದ. ಗೌನನ್ನು ಒಗೆದ ಪಂಚೆಯಲ್ಲಿ ಸುತ್ತಿ, ನಡುವೆ ಹಪ್ಪಳ ಇಟ್ಟು ಅವನ ಕೈಗೆ ಕೊಟ್ಟೆವು. "ಸೀಟಿನ ಮೇಲೇ ಇಟ್ಕೊಂಡು ಹೋಗ್ತೀನಿ ಅಕ್ಕ, ಕ್ಲೀನರ್ ಹಿಂದೆ ಕೂರ್ಲಿ" ಎಂದ.

ಸ್ಪರ್ಧೆಗೆ ಎರಡು ದಿನ ಇರುವಾಗ ಮತ್ತೆ ಫೋನ್ ಬಂತು. ಈ ಸಲ ರೇವತಿ ಅಕ್ಕ ಅಳುತ್ತಿದ್ದಳು. ಆ ಅಳು ಪಕ್ಕದಲ್ಲಿ ನಿಂತ ನನಗೂ ಕೇಳಿಸಿತು.

"ಜಿಪ್ಪು ಏರ್ತಾನೇ ಇಲ್ಲ ಅಕ್ಕಾ. ತೂಗುಹಾಕಿದ್ರಲ್ಲೇ ಒಂದು ತಗೋ ಅಂತಿದಾರೆ ಇವರು."

"ನಿನ್ನ ಅಳತೆ ರವಿಕೆ ಹಾಗೇ ಹೊಲಿದಿದ್ದು ಮಾರಾಯ್ತಿ. ಆ ಜರಿಯಂಚಿನದು."

"ಅಯ್ಯೋ, ಅದು ನಮ್ಮಕ್ಕನ ಮದುವೆಗೆ ಹೊಲಿಸಿದ್ದು. ನಾನಾಗ ಎಂಟನೇ ಕ್ಲಾಸು!"

ದೊಡ್ಡ ವೇದಿಕೆಯ ಬಟ್ಟೆಗೆ ಮಾಸಿದ ರವಿಕೆಯನ್ನು ಅಳತೆಗೆ ಕೊಡುವುದು ಅಜ್ಜಿಗೆ ಸರಿಕಂಡಿರಲಿಲ್ಲ. ಪೆಟ್ಟಿಗೆಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ರವಿಕೆಯನ್ನು ಹುಡುಕಿ ತಂದಿದ್ದರು.

ಆಯಿಯ ದನಿ ಏರಲಿಲ್ಲ. "ಅಳಬೇಡ. ಒಳಮಗ್ಗುಲು ನೋಡು. ಎರಡೂ ಕಡೆ ಮೂರು ಬೆರಳು ಬಟ್ಟೆ ಉಂಟು. ಹೊಲಿಗೆ ಬಿಚ್ಚಿ, ಅಂಚಿಗೆ ಹೊಸ ಹೊಲಿಗೆ ಹಾಕು. ನಿಂಗೆ ಬರ್ತದಲ್ಲ."

"ನೀವು ಹಾಕಿದ ಹೊಲಿಗೆ ಬಿಚ್ಚೋಕೆ ಮನಸ್ಸು ಬರೋದಿಲ್ಲ ಅಕ್ಕಾ."

"ಬಿಚ್ಚು. ಬಿಚ್ಚಲಿ ಅಂತಲೇ ಬಿಟ್ಟಿದ್ದು."

ಮನೆಗೆ ಬಂದ ಆಯಿ ಮಿಷನ್ನಿಗೆ ಬಟ್ಟೆ ಮುಚ್ಚಿಬಿಟ್ಟಳು. ಎರಡು ದಿನ ತೆಗೆಯಲಿಲ್ಲ. ನಾನು ಅಡುಗೆಮನೆಯಲ್ಲಿ ಅವಳ ಬೆನ್ನ ಹಿಂದೆ ನಿಂತು ಹೇಳಿದೆ: "ಆಯಿ, ಆನು ಆ ರವಿಕೆ ಹಾಕ್ಯಂಡು ನೋಡಿದ್ದಿ. ಯಂಗೇ ಸರಿ ಆಗಿತ್ತು."

ಅವಳು ತಿರುಗಿ ನೋಡಿದಳು. ಹೊಡೆಯುತ್ತಾಳೆ ಎಂದುಕೊಂಡೆ. "ಆವಾಗಲೇ ಹೇಳಕಾಗಿತ್ತು" ಎಂದಳು. ಆಮೇಲೆ "ಆನಾದ್ರೂ ಮತ್ತೊಂದು ಸಲ ಕೇಳಕಾಗಿತ್ತು" ಎಂದು ಒಲೆಯ ಕಡೆಗೆ ತಿರುಗಿದಳು.

ಸ್ಪರ್ಧೆಯ ಸಂಜೆ ಜುಬೇದಾ ಅಕ್ಕನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೋಲಸಿರ್ಸಿಯ ಅಜ್ಜಿಗೆ ಕುರ್ಚಿ, ನಮಗೆಲ್ಲ ನೆಲ. ಅಜ್ಜಿ ಬಂದಾಗಿನಿಂದ ತಲೆ ಎತ್ತಿರಲಿಲ್ಲ. ಒಬ್ಬೊಬ್ಬರೇ ಹುಡುಗಿಯರು ಗೌನು ತೊಟ್ಟು ಬರತೊಡಗಿದರು. ಪ್ರತಿಯೊಬ್ಬರ ಹೆಸರು, ಬಟ್ಟೆ ಹೊಲಿದವರ ಹೆಸರು ಹೇಳುತ್ತಿದ್ದರು. ಎಷ್ಟು ಚೆಂದದ ಹುಡುಗಿಯರು! ನನಗೆ ಯಾರೂ ಕಾಣಿಸುತ್ತಿರಲಿಲ್ಲ. ಕೆಂಪು ಬರುತ್ತದೋ ಇಲ್ಲವೋ ಎಂಬುದೊಂದೇ. ಒಂದು ನೀಲಿ ಬಂತು, ಒಂದು ಬಿಳಿ ಬಂತು. ಆಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು.

ಮುರುಗಲು ಬಣ್ಣ ಬಂತು.

ಕೋಲಸಿರ್ಸಿಯ ಗದ್ದೆಯ ಸಣ್ಣ ಬದುವಿನ ಮೇಲೆ ನಡೆದು ಬೆಳೆದ ಹುಡುಗಿ, ಕೆಳಗೆ ನೋಡದೆ, ನೇರ ನಡೆದು ಬಂದಳು. ಬಟ್ಟೆ ಅವಳ ಹಿಂದೆ ನೀರಿನ ಹಾಗೆ ಹರಿಯಿತು. ಹೊಲಿದವರು ಶಾರದಾ, ಶಿರಸಿ ಎಂದು ಹೇಳುತ್ತಿದ್ದಂತೆ ಜುಬೇದಾ ಅಕ್ಕ ಹಾಕಿದ ಕೂಗಿಗೆ ಮುಂದಿನದು ಯಾರಿಗೂ ಕೇಳಲಿಲ್ಲ. "ಅರೆ ಶಾರದಕ್ಕಾ, ನಿಮ್ಮ ಹೆಸ್ರು! ದಿಲ್ಲಿ ತನಕ ಹೋಯ್ತು ನಿಮ್ಮ ಹೆಸ್ರು!" ಅಜ್ಜಿ ಆಯಿಯ ಕೈ ಹಿಡಿದುಕೊಂಡು ಅತ್ತರು. ಆಯಿ ಮಾತ್ರ ಪರದೆಯತ್ತ ಬಾಗಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

"ಬಲಮಗ್ಗುಲು ರೇವತಿ ಹೊಲಿಗೆ. ಎಡಮಗ್ಗುಲು ಸುಕ್ಕು ಇದ್ದು, ಅದರದ್ದಲ್ಲ. ಬೇರೆ ಯಾರದೋ ಕೈ" ಎಂದು ನನಗೊಬ್ಬಳಿಗೇ ಕೇಳುವಂತೆ ಹೇಳಿದಳು.

ರೇವತಿ ಅಕ್ಕ ಕೊನೆಯ ಹತ್ತು ಜನರಲ್ಲಿ ಉಳಿದಳು, ಐವರಲ್ಲಿ ಉಳಿಯಲಿಲ್ಲ. ಊರಿಗೆ ಬಂದಾಗ ಮೊದಲು ನಮ್ಮ ಮನೆಗೇ ಬಂದಳು. ಆಯಿ ಹೇಳಿದ್ದು ನಿಜವಿತ್ತು. ಅವಳ ಕೋಣೆಯಲ್ಲಿದ್ದ ಅಸ್ಸಾಮಿನ ಹುಡುಗಿ, ತಾನೂ ಅದೇ ಕಿರೀಟಕ್ಕೆ ಬಂದವಳು, ಹಲಸಿನ ಹಪ್ಪಳ ಸುಡಿಸಿಕೊಂಡು ಬಂದು ತಿನ್ನುತ್ತ ಎಡಮಗ್ಗುಲು ಪೂರ್ತಿ ಕೈಯಲ್ಲೇ ಹೊಲಿದಿದ್ದಳಂತೆ. ತನ್ನ ಪ್ರಶ್ನೋತ್ತರ ಓದಿಕೊಳ್ಳುವುದು ಬಿಟ್ಟು. ಅವಳು ಮೊದಲ ಸುತ್ತಿನಲ್ಲೇ ಹೊರಗೆ ಹೋದಳಂತೆ. "ಆ ಕೂಸಿಗೂ ಒಂದು ರವಿಕೆ ಹೊಲಿದು ಕೊಡ್ತೆ. ಅಳತೆ ಮಾತ್ರ ಸರಿ ಕಳಿಸಲಿ" ಎಂದಳು ಆಯಿ. ಮಾತು ತಪ್ಪಲಿಲ್ಲ.

ಮರುವಾರ ಪೇಟೆಯ ಟೇಲರ್ ತಾವಾಗಿ ನಮ್ಮ ಜಗಲಿಗೆ ಬಂದರು. "ಒಳಗೆ ಎಷ್ಟು ಬಿಟ್ಟಿದ್ರಿ ಅಕ್ಕ?"

"ಮೂರು ಬೆರಳು." ಆಯಿ ಯೂನಿಫಾರ್ಮಿನ ರಾಶಿಯಿಂದ ತಲೆ ಎತ್ತಲಿಲ್ಲ. ಆದರೆ ಪೆಡಲ್ ತುಳಿಯುವ ಕಾಲಿನ ವೇಗ ಹೆಚ್ಚಿತ್ತು.

ಈ ವರ್ಷ ಆಯಿ ಹೋದಳು. ಹದಿಮೂರನೆಯ ದಿನ ರೇವತಿ ಅಕ್ಕ ಹುಬ್ಬಳ್ಳಿಯಿಂದ ಬಂದಳು, ಚೀಲದಲ್ಲಿ ಆ ಗೌನಿತ್ತು. ಬಾಗಿಲಲ್ಲಿ ಈಗಲೂ ತಲೆ ಬಗ್ಗಿಸಿಯೇ ಬಂದಳು. ಇಬ್ಬರೂ ಮುಚ್ಚಿಟ್ಟ ಮಿಷನ್ನಿನ ಪಕ್ಕ ಕೂತು ಗೌನಿನ ಒಳಮಗ್ಗುಲು ತಿರುವಿ ನೋಡಿದೆವು. ಬಲಗಡೆ ಸಣ್ಣ, ಒತ್ತಾದ ಹೊಲಿಗೆ, ಆಯಿ ಕಲಿಸಿದ್ದು. ಎಡಗಡೆ ದೊಡ್ಡ, ಸೊಟ್ಟ ಹೊಲಿಗೆ, ಅಸ್ಸಾಮಿನದು. ಎರಡರ ಪಕ್ಕದಲ್ಲೂ ಆಯಿಯ ಹೊಲಿಗೆ ಇದ್ದಲ್ಲಿ ಸೂಜಿ ಚುಚ್ಚಿದ ಸಣ್ಣ ತೂತುಗಳ ಸಾಲು ಮಾತ್ರ.

ಈಗ ನಾವು ಕೊಳ್ಳುವ ಬಟ್ಟೆಯಲ್ಲಿ ಒಳಗೆ ಏನೂ ಇರುವುದಿಲ್ಲ. ಹೊಲಿಗೆಯ ಪಕ್ಕದಲ್ಲೇ ಕತ್ತರಿಸಿರುತ್ತಾರೆ. ಬಿಗಿಯಾದರೆ ತೆಗೆದು ಹಾಕಬೇಕು, ಅಷ್ಟೇ. ನಾವು ನಾಳೆ ಹೇಗಿರುತ್ತೇವೆ ಎಂದು ಯೋಚಿಸಿ ಇಂದೇ ಜಾಗ ಬಿಡುವವರು ಯಾರೂ ಉಳಿದಿಲ್ಲ.

ಆಯಿ ನನಗೆ ಕೊನೆಯದಾಗಿ ಹೊಲಿದ ರವಿಕೆ ಈಗ ಬಿಗಿ. ಮೂರು ಸಲ ಬ್ಲೇಡು ಹಿಡಿದು ಕೂತು, ಮೂರು ಸಲವೂ ಎದ್ದು ಹೋದೆ. ಅವಳು ಬಿಟ್ಟ ಬಟ್ಟೆ ನನಗೆ ಸಿಗಬೇಕೆಂದರೆ ಅವಳು ಹಾಕಿದ ಹೊಲಿಗೆ ಹೋಗಬೇಕು.

ನಿನ್ನೆ ಬೆಳಿಗ್ಗೆ ಜಗಲಿಯ ಬೆಳಕಿಗೆ ಕೂತು ಬಿಚ್ಚಿದೆ. ಹೊರಗೆ ಎಲ್ಲ ಮಾಸಿದ ಹಸಿರು. ಒಳಗೆ ಮಾತ್ರ ಅಂಗಡಿಯಿಂದ ತಂದ ದಿನದ ಬಣ್ಣ, ಎರಡೂ ಕಡೆ. ಬೆರಳಿಟ್ಟು ಅಳೆದೆ. ನನಗೂ ಮೂರು ಬಿಟ್ಟಿದ್ದಳು.