ಮೊದಲ ಪಾಳಿ ಆಯಿಯದು

ನನ್ನ ಹೆಂಡತಿ ಅರವತ್ತು ದಾಟುವವರೆಗೂ ನಾಲ್ಕು ಮಂದಿಯ ಮುಂದೆ ಬಾಯಿ ಬಿಟ್ಟವಳಲ್ಲ. ಕಟ್ಟೆಯ ಮೇಲೆ ಕೂತು ಮಾತಾಡುವ ಕೆಲಸವೆಲ್ಲ ನನ್ನದು. ಆದರೆ ಎರಡನೇ ವರ್ಷವೂ ಜೋಳ ತೆನೆ ಕಟ್ಟದೆ ಒಣಗಿ, ಔರಾದ ಕಡೆಯ ನಮ್ಮ ಹಳ್ಳಿಯ ಮನೆಗಳಿಗೆ ಒಂದೊಂದಾಗಿ ಬೀಗ ಬೀಳತೊಡಗಿದಾಗ ಊರು ಕೇಳಿದ್ದು ಅವಳ ಮಾತನ್ನು. ನೆನೆದರೆ ಈಗಲೂ ನನ್ನ ಎದೆ ಉಬ್ಬುತ್ತದೆ.

ಮಗ, ಸೊಸೆ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಟಿದ್ದರು. ಮೊಮ್ಮಗಳು ನಾಲ್ಕನೇ ಇಯತ್ತೆ. ಬೀದರದಿಂದ ಬಂದು ಹೋಗುವ ಮಾಸ್ತರರು, “ಹುಡುಗಿ ಭಾಳ ಚುರುಕ ಅದಾಳ, ಸಾಲಿ ಬಿಡಿಸಬ್ಯಾಡ್ರಿ” ಎಂದು ಮನೆಗೇ ಬಂದು ಹೇಳಿದ್ದರು. ಹಿಂದಿನ ವರ್ಷ ಹೀಗೆ ಊರು ಬಿಟ್ಟ ಹುಡುಗಿಯರು ಮತ್ತೆ ಸಾಲೆಯ ಹೊಸ್ತಿಲು ತುಳಿದಿರಲಿಲ್ಲ.

“ಆಕಿನ್ನ ಇಲ್ಲೇ ಬಿಟ್ಟು ಹೋಗವ್ವಾ,” ಎಂದೆ ಸೊಸೆಗೆ.

“ಯಾರ ಕೈಯಾಗ ಬಿಡ್ಲಿರಿ, ಮಾವಾ? ಅತ್ತಿ ದಿನಾ ಕೆರಿ ಕೆಲಸಕ್ಕ ಹೋಗ್ತಾರ. ನಿಮಗ ಚಹಾ ಕಾಸಲಿಕ್ಕೂ ಬರಂಗಿಲ್ಲ.”

ಸುಳ್ಳೇನಲ್ಲ. ನನ್ನ ಸೊಂಟ ಬಿದ್ದಿತ್ತು. ಅವಳು ಕೆರೆಯ ಹೂಳು ಹೊರದಿದ್ದರೆ ಮನೆಗೆ ಹಿಟ್ಟಿಲ್ಲ.

ಮರುದಿನ ಹೆಂಡತಿ ಕೆರೆಯಲ್ಲಿ ಬುಟ್ಟಿ ಹೊರುತ್ತಲೇ ಒಬ್ಬೊಬ್ಬ ಮುದುಕಿಯನ್ನು ಮಾತಾಡಿಸಿದಳಂತೆ. ಎಲ್ಲರ ಮನೆಯಲ್ಲೂ ಇದೇ ಫಿಕರು. ಸಂಜೆ ನಮ್ಮ ಅಂಗಳ ಮುದುಕಿಯರಿಂದ ತುಂಬಿತು.

“ದಿನಕ್ಕ ಒಬ್ಬಾಕಿ ಮನ್ಯಾಗ ಇರೂದು, ಎಲ್ಲಾ ಮಕ್ಕಳಿಗಿ ಆಕೀನೇ ಉಣಿಸೂದು. ಉಳಿದವ್ರು ಕೆಲಸಕ್ಕ,” ಅಂದಳು ಹೆಂಡತಿ. ಅಷ್ಟೇ ಮಾತು.

“ಮೊದಲ ಪಾಳಿ ಯಾರ್ದು?” ಒಬ್ಬಳು ಕೇಳಿದಳು.

“ಆಯಿದು. ಆಕಿ ಒಲಿ ದೊಡ್ಡದದ.”

ಆಯಿ ಎಂದರೆ ಬೌದ್ಧರ ಓಣಿಯ, ಅಂದರೆ ಅಂಬೇಡ್ಕರರ ಹಾದಿ ಹಿಡಿದು ಬೌದ್ಧರಾದ ದಲಿತರ ಓಣಿಯ ಮುದುಕಿ. ಅವರ ಮನೆಗಳಲ್ಲಿ ನಮ್ಮವರು ಅಲ್ಲಿಯವರೆಗೆ ನೀರು ಕೂಡ ಕುಡಿದಿರಲಿಲ್ಲ. ಒಬ್ಬಳು ಮೆಲ್ಲಗೆ, “ಹಂಗಾರ ನಮ್ಮ ಮಕ್ಕಳ ಬುತ್ತಿ ನಾವೇ ಕಟ್ಟಿ ಕಳಸ್ತೀವಿ” ಎಂದಳು.

“ಕಳಸ್ರಿ, ನನ್ನ ಹಿಟ್ಟು ಉಳಿತದ,” ಎಂದು ಅಂಗಳದ ಅಂಚಿನಲ್ಲಿ ಕೂತಿದ್ದ ಆಯಿ ನಕ್ಕಳು.

ನಾನಾಗಿದ್ದರೆ ಅಲ್ಲೇ ಒಂದು ಭಾಷಣ ಬಿಗಿಯುತ್ತಿದ್ದೆ. ನನ್ನ ಹೆಂಡತಿ ವಾದಕ್ಕೇ ಇಳಿಯಲಿಲ್ಲ.

ಬೆಳಿಗ್ಗೆ ಮಕ್ಕಳು ಬುತ್ತಿ ಹಿಡಿದು ಆಯಿಯ ಬಾಗಿಲಲ್ಲಿ ನಿಂತಿದ್ದರು, ಹಿಂದೆ ಅವರ ಅಜ್ಜಿಯರು. ನನ್ನ ಹೆಂಡತಿ ಬುಟ್ಟಿಯನ್ನು ಹೊರಗಿಟ್ಟು ಸೀದಾ ಒಳಗೆ ಹೋಗಿ ಒಲೆಯ ಮುಂದೆ ಕೂತಳು.

“ಅಕ್ಕಾ, ಹಸಿವಿ ಆಗ್ಯದ. ರೊಟ್ಟಿ ಕೊಡು.”

ಬಿಸಿ ರೊಟ್ಟಿ, ಪುಂಡಿಪಲ್ಯ. ಎಲ್ಲರ ಕಣ್ಣೆದುರು ನಿಧಾನಕ್ಕೆ ಉಂಡಳು. ಇನ್ನೊಂದು ಕೇಳಿದಳು.

“ಪಲ್ಯಾಕ ಉಪ್ಪು ಜಾಸ್ತಿ ಆಗ್ಯದ ನೋಡು.”

“ಅದಕ್ಕೇ ಎರಡನೇ ರೊಟ್ಟಿ ಕೇಳ್ದಿ ಏನು?”

ಬಾಗಿಲಲ್ಲಿದ್ದವರು ಗೊಳ್ಳೆಂದು ನಕ್ಕರು. ಮೊಮ್ಮಗಳು ಓಡಿಹೋಗಿ ಅಜ್ಜಿಯ ಪಕ್ಕದಲ್ಲಿ ಕೂತಳು. ಅವಳ ಹಿಂದೆ ಒಂದೊಂದೇ ಮಗು. ಬುತ್ತಿಯ ಗಂಟುಗಳು ಮೂಲೆಯಲ್ಲಿ ಹಾಗೇ ಉಳಿದವು. ಸೊಸೆ ಓಣಿಯ ತಿರುವಿನಲ್ಲಿ ನಿಂತು ಎಲ್ಲ ನೋಡಿದಳು.

ಭಾಲ್ಕಿಗೆ ಹೋಗಿ ರೈಲು ಹಿಡಿಯುವ ದಿನ ಬಂತು. ಸೊಸೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸಿನಲ್ಲಿ ಕೂತೇಬಿಟ್ಟಳು. ನನ್ನ ಕಣ್ಣು ತುಂಬಿತು. ಹೆಂಡತಿ ಕಿಟಕಿಯ ಹತ್ತಿರ ನಿಂತಿದ್ದಳು, ಬೇಡಲಿಲ್ಲ, ಬೈಯಲಿಲ್ಲ.

ಬಸ್ಸು ಗುರುಗುಟ್ಟಿತು.

“ಅತ್ತಿ, ಇವತ್ತ ಪಾಳಿ ಯಾರ್ದದರಿ?” ಸೊಸೆ ಕೇಳಿದಳು.

“ನಂದೇ.”

“ಈಕಿಗಿ ಖಾರ ಕಡಿಮಿ ಹಾಕ್ರಿ.”

ಅಂದವಳೇ ಎದ್ದು, ಮಗಳನ್ನು ಪಾಟಿಚೀಲದ ಸಮೇತ ಬಾಗಿಲಿನಿಂದ ಕೆಳಗಿಳಿಸಿದಳು. ನನ್ನ ಹೆಂಡತಿ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಮೊಮ್ಮಗಳ ಕೈಹಿಡಿದು ಸಾಲೆಯ ಕಡೆ ಹೊರಟೇಬಿಟ್ಟಳು. ನಾನೋ, ಸೊಂಟದ ನೋವು ಮರೆತು ಬಸ್ಸಿಗೆ ದಬದಬ ಬಡಿದು “ರೈಟ್! ರೈಟ್!” ಎಂದು ಕೂಗಿದೆ.

ಕಂಡಕ್ಟರು ತಲೆ ಹೊರಹಾಕಿದ. “ಏ ಮುತ್ಯಾ, ನನ್ನ ನೌಕರಿ ನೀ ಮಾಡ್ತಿ ಏನು?”

“ಇವತ್ತೊಂದಿನ ಮಾಡ್ತೀನಿ, ಬಿಡಪ್ಪಾ!” ಎಂದೆ.